ಎರಡೂವರೆ ಮೊಳ

ನಮ್ಮ ಊರಿನಲ್ಲಿ ರಂಗೋಲಿ ನಿಲ್ಲುವುದಿಲ್ಲ. ಹೆಂಗಸರು ಬೆಳಿಗ್ಗೆ ಎದ್ದು ಅಂಗಳಕ್ಕೆ ನೀರು ಚಿಮುಕಿಸಿ, ಅದು ಆರುವ ಮೊದಲೇ ಬಿಳಿಯ ಪುಡಿಯಿಂದ ನಾಲ್ಕು ಎಳೆ ಎಳೆಯುತ್ತಾರೆ; ಐದನೆಯ ಎಳೆಗೆ ಕೈ ಹೋಗುವಷ್ಟರಲ್ಲಿ ಮೊದಲನೆಯದು ಪಕ್ಕದ ಮನೆಯ ಅಂಗಳ ಸೇರಿರುತ್ತದೆ. ಗಾಳಿ ಪಡುವಣದಿಂದ ಬೀಸುತ್ತದೆ, ವರ್ಷದ ಅಷ್ಟೂ ದಿನ, ಬಹುಮಟ್ಟಿಗೆ ಒಂದೇ ವೇಗದಲ್ಲಿ. ಇಲ್ಲಿ ಹಪ್ಪಳವನ್ನು ಬಲೆಯ ಕೆಳಗೆ ಒಣಗಿಸುತ್ತಾರೆ, ಹಿಟ್ಟನ್ನು ಬಾಗಿಲು ಮುಚ್ಚಿ ಜರಡಿ ಹಿಡಿಯುತ್ತಾರೆ, ಅಕ್ಷತೆಯನ್ನು ಗಾಳಿಗೆ ಬೆನ್ನು ಕೊಟ್ಟು ನಿಂತು ಎರಚುತ್ತಾರೆ. ಆದ್ದರಿಂದ ಒಂದು ಮನೆಯ ಮುಂದೆ ಮಧ್ಯಾಹ್ನವಾದರೂ ರಂಗೋಲಿ ಕೆಡದೆ ಉಳಿದಿದ್ದರೆ, ಆ ಮನೆಯಲ್ಲಿ ಗಾಳಿ ತಾಕದವರು ಒಬ್ಬರಿದ್ದಾರೆ ಎಂದು ಬೀದಿಯಲ್ಲಿ ಹೋಗುವವರಿಗೆಲ್ಲ ತಿಳಿಯುತ್ತದೆ.

ಅವರ ಸುತ್ತ ಗಾಳಿ ಸುಳಿಯುವುದಿಲ್ಲ. ಕೆಲವರ ಸುತ್ತ ಮೂರು ಮೊಳ, ಕೆಲವರ ಸುತ್ತ ಏಳು. ತಪಾಸಣಾ ಕೇಂದ್ರದ ಡಾಕ್ಟರ್ ಸಬಿಹಾ ಅವರು ಮಗುವಿನೊಡನೆ ಎರಡು ತಾಸು ನೆಲದ ಮೇಲೆ ಕುಳಿತು, ಅದು ಹೇಗೆ ಆಡುತ್ತದೆ, ಯಾವುದಕ್ಕೆ ಬೆದರುತ್ತದೆ, ಯಾವುದನ್ನು ಬಿಟ್ಟುಕೊಡುವುದಿಲ್ಲ ಎಂಬುದನ್ನೆಲ್ಲ ನೋಡಿ, ತಾಯಿಯನ್ನು ಸಾವಧಾನವಾಗಿ ಕೇಳಿ, ಚೀಟಿಯಲ್ಲಿ ಆಟಿಸಂ ಎಂದು ಬರೆಯುತ್ತಾರೆ. ಆದರೆ ಸಹಿ ಬೀಳಬೇಕಾದರೆ ಅಳತೆಯಾಗಬೇಕು, ಅಳತೆ ಮೂರು ಮೊಳಕ್ಕೆ ಕಡಿಮೆ ಇರಬಾರದು. ಅಳೆಯುವವರು ಇಬ್ಬರು. ಒಬ್ಬರು ಈರಣ್ಣ, ಐವತ್ತೈದು ದಾಟಿದವರು. ಇನ್ನೊಬ್ಬಳು ನಾನು, ವಿನುತಾ; ಭೌತಶಾಸ್ತ್ರದ ಪದವಿ ಮುಗಿಸಿ, ಕೇಂದ್ರ ತೆರೆದ ವರ್ಷವೇ ಸೇರಿದವಳು.

ವಿಧಾನ ಸರಳವಾದದ್ದು. ಮಗುವನ್ನು ಬಯಲಿನಲ್ಲಿ ಚಾಪೆಯ ಮೇಲೆ ಕೂರಿಸಬೇಕು. ಒಂದು ಬಿದಿರುಕೋಲಿನ ತುದಿಗೆ ಕಾಗದದ ಗಿರಗಿಟ್ಲೆ ಸಿಕ್ಕಿಸಿ, ಅದನ್ನು ಮುಂದಕ್ಕೆ ಚಾಚಿ ಹಿಡಿದು, ಒಂದೊಂದೇ ಹೆಜ್ಜೆ ಮಗುವಿನ ಕಡೆಗೆ ನಡೆಯಬೇಕು. ಭರ್ರೆಂದು ತಿರುಗುತ್ತಿದ್ದ ಗಿರಗಿಟ್ಲೆ ಎಲ್ಲಿ ತಟಕ್ಕನೆ ನಿಲ್ಲುತ್ತದೆಯೋ ಅಲ್ಲಿ ಸುಣ್ಣದ ಗುರುತು. ಅಲ್ಲಿಂದ ಮಗುವಿನ ಪಾದದವರೆಗೆ ಹಗ್ಗ. ನಾಲ್ಕು ದಿಕ್ಕಿನಿಂದ ನಾಲ್ಕು ಅಳತೆ ತೆಗೆದು ಸರಾಸರಿ ಬರೆಯಬೇಕು.

ಕೇಂದ್ರದ ಮೊದಲ ವರ್ಷ ಹನ್ನೊಂದು ಮಕ್ಕಳಿಗೆ ಚೀಟಿ ಸಿಕ್ಕಿತು. ಎರಡನೆಯ ವರ್ಷ ನಲವತ್ತಮೂರು, ಮೂರನೆಯ ವರ್ಷ ನೂರ ಏಳು, ನಾಲ್ಕನೆಯ ವರ್ಷ ಇನ್ನೂರ ಹದಿನಾಲ್ಕು. ಊರಿನಲ್ಲಿ ಗುಸುಗುಸು ಎದ್ದಿತು. ನೀರು ಕೆಟ್ಟಿದೆ ಎಂದರು, ಹೊಸ ಎಣ್ಣೆ ಎಂದರು, ತಾಯಂದಿರು ಓದಿದ್ದು ಹೆಚ್ಚಾಯಿತು ಎಂದರು. "ನಮ್ಮ ಕಾಲದಾಗ ಇಂಥಾವ್ರು ಒಬ್ಬರರೆ ಇದ್ದರೇನ?" ಎಂದು ಕಟ್ಟೆಯ ಮೇಲೆ ಕುಳಿತು ಕೇಳಿದವರು ಶಿವಪುತ್ರಪ್ಪನವರು. ಅವರು ನಲವತ್ತು ವರ್ಷಗಳಿಂದ ಅದೇ ಕಟ್ಟೆಯ ಅದೇ ಕಲ್ಲಿನ ಮೇಲೆ ಕೂರುತ್ತಾರೆ, ಬೇರೆ ಯಾರಾದರೂ ಕುಳಿತಿದ್ದರೆ ಅವರು ಏಳುವವರೆಗೆ ನಿಂತೇ ಇರುತ್ತಾರೆ. ಆ ಮಾತು ಹೇಳುವಾಗ ಅವರ ಕೈಯಲ್ಲಿ ಪೂರ್ತಿ ಬಿಚ್ಚಿದ ಪತ್ರಿಕೆ ಇತ್ತು, ಹಾಳೆ ಅಲುಗುತ್ತಿರಲಿಲ್ಲ. ನಾನು ಅದನ್ನು ಗಮನಿಸಿದ್ದೆ, ದಾಖಲಿಸಲಿಲ್ಲ.

ಅದಕ್ಕೆ ಕಾರಣ, ಆ ದಿನಗಳಲ್ಲಿ ನನ್ನ ಗಮನವೆಲ್ಲ ಒಂದೇ ಚೀಟಿಯ ಮೇಲಿತ್ತು. ಅದು ನನ್ನ ತಂಗಿ ಮೇದಿನಿಯದು.

ಮೇದಿನಿ ನನಗಿಂತ ಒಂಬತ್ತು ವರ್ಷ ಚಿಕ್ಕವಳು. ಹದಿನಾಲ್ಕನೆಯ ವಯಸ್ಸಿನಲ್ಲಿ ಅವಳಿಗೆ ಚೀಟಿಯಾಯಿತು. ಅಳತೆ ಮೂರೂಕಾಲು ಮೊಳ. ಆವತ್ತಿನಿಂದ ನಮ್ಮ ಮನೆಯ ನಿಯಮಗಳು ಬದಲಾದವು. ಅವಳು ತಟ್ಟೆಯಲ್ಲಿ ಅನ್ನಕ್ಕೆ ಸಾರು ತಾಗದಂತೆ ಬೇರೆ ಬೇರೆ ಇಟ್ಟುಕೊಂಡು ಉಣ್ಣಬಹುದು. ನೆಂಟರು ಬಂದರೆ ಒಳಗಿನ ಕೋಣೆಗೆ ಹೋಗಬಹುದು. ಮದುವೆಗೆ ಬರಲಾರೆ ಎಂದರೆ ಅವ್ವ "ಆತು ಬಿಡವಾ" ಎನ್ನುತ್ತಾಳೆ. ಒಗ್ಗರಣೆಗೆ ಸಾಸಿವೆ ಹಾಕುವ ಮೊದಲು ಅವ್ವ "ಮೇದಿನಿ, ಈಗ ಸಿಡಿತಾವ ನೋಡ" ಎಂದು ಕೂಗಿ ಹೇಳುತ್ತಾಳೆ, ಮೇದಿನಿ ಕಿವಿ ಮುಚ್ಚಿಕೊಳ್ಳುತ್ತಾಳೆ. ಬೆಳಿಗ್ಗೆ ಅವಳು ಜಗಲಿಯ ಮೇಲೆ ರೇಖಾಗಣಿತದ ಪುಸ್ತಕ ಹಿಡಿದು ಕೂರುತ್ತಾಳೆ. ಅವಳ ಕಾಲ ಬುಡದಲ್ಲಿ ಅವ್ವ ಚುಕ್ಕಿ ಇಡುತ್ತಾಳೆ. ಬೀದಿಯ ಹೆಂಗಸರು ಬಂದು ನಿಂತು ನೋಡುತ್ತಾರೆ. ನಮ್ಮ ಅವ್ವ ನಲವತ್ತೆಂಟು ವರ್ಷದವಳು; ರಂಗೋಲಿಯೊಂದನ್ನು ಕೊನೆಯ ಎಳೆಯವರೆಗೆ ಮುಗಿಸಿದ್ದು ನಲವತ್ತೈದು ತುಂಬಿದ ಮೇಲೆಯೇ.

ಇದೇ ಸಾಸಿವೆಗೆ ನಾನೂ ಕಿವಿ ಮುಚ್ಚಿಕೊಂಡಿದ್ದೆ. ನನಗೆ ಬೆನ್ನಿನ ಮೇಲೆ ಗುದ್ದು ಬಿದ್ದಿತ್ತು. ನೆಂಟರು ಬಂದಾಗ ಕಣಜದ ಹಿಂದೆ ಅವಿತಿದ್ದೆ. ತೋಳು ಹಿಡಿದು ಎಳೆದು ತಂದು ಎಲ್ಲರ ಕಾಲಿಗೆ ಬೀಳಿಸಿದ್ದರು. ಮಾತನಾಡುವವರ ಕಣ್ಣನ್ನು ನೋಡಲಾಗದೆ ಹುಬ್ಬುಗಳ ನಡುವೆ ನೋಡುವುದನ್ನು ನಾನೇ ಕಂಡುಕೊಂಡೆ. ಬೇರೆಯವರು ನಕ್ಕ ಮೇಲೆ ಮನಸ್ಸಿನಲ್ಲಿ ಒಂದು ಎಣಿಸಿ ನಗುವುದನ್ನೂ ಕಲಿತೆ. ಯಾವುದಕ್ಕೆ ನನಗೆ ಏಟು ಬಿದ್ದಿತೋ ಅದಕ್ಕೇ ಅವಳಿಗೆ ಚೀಟಿ ಸಿಕ್ಕಿತು. ನನಗೆ ಚೀಟಿ ಬೇಕು ಎಂದು ಎಂದೂ ಅನ್ನಿಸಲಿಲ್ಲ. ಗಾಳಿ ನನ್ನ ಜಡೆಯನ್ನು ಎಲ್ಲರ ಜಡೆಯಂತೆಯೇ ಆಡಿಸುತ್ತಿತ್ತು. ನನಗೆ ಅನ್ನಿಸುತ್ತಿದ್ದುದು ಇಷ್ಟೇ: ಅವಳಿಗೂ ಇಲ್ಲದಿದ್ದರೆ ಚೆನ್ನಾಗಿತ್ತು.

ಹಾಗೆಂದು ನನ್ನದು ಎಂಬುದು ಏನೂ ಇರಲಿಲ್ಲವೆಂದಲ್ಲ. ನನಗೆ ಆರು ವರ್ಷವಾಗಿದ್ದಾಗ ಅವ್ವ ಶುಕ್ರವಾರಕ್ಕೊಮ್ಮೆ ನನ್ನನ್ನು ಊರ ಹಿಂದಿನ ಗುಡ್ಡಕ್ಕೆ ಕರೆದುಕೊಂಡು ಹೋಗುತ್ತಿದ್ದಳು. ಅಂಗೈಗೆ ಬೆಲ್ಲದ ಚೂರು ಕೊಡುತ್ತಿದ್ದಳು. ತಲೆಗೂದಲು ಬಿಚ್ಚಿ ಹರವಿ, ಗಾಳಿಗೆ ಎದುರಾಗಿ ನನ್ನನ್ನು ನಿಲ್ಲಿಸಿ, ಬಂಡೆಯ ಮೇಲೆ ಕುಳಿತು ನನ್ನನ್ನೇ ನೋಡುತ್ತಿದ್ದಳು. ಆಗ ಮೇದಿನಿ ಹುಟ್ಟಿರಲಿಲ್ಲ. ಅವ್ವ ಎರಡು ವರ್ಷ ಶುಕ್ರವಾರದ ಸಂಜೆಯನ್ನು ನನಗೊಬ್ಬಳಿಗೇ ಕೊಟ್ಟಿದ್ದಳು. ಮೇದಿನಿಯನ್ನು ಒಂದು ಸಲವೂ ಅಲ್ಲಿಗೆ ಕರೆದೊಯ್ಯಲಿಲ್ಲ. ಅಸೂಯೆ ಹೆಚ್ಚಾದ ದಿನ ನಾನು ಆ ಗುಡ್ಡವನ್ನು ನೆನೆದುಕೊಳ್ಳುತ್ತಿದ್ದೆ.

ಅಸೂಯೆ ನನ್ನೊಬ್ಬಳದೇ ಆಗಿರಲಿಲ್ಲ. ಎದುರುಮನೆಯ ಚಂದ್ರವ್ವಕಾಕು ಒಂದು ದಿನ ಮೊಮ್ಮಗನನ್ನು ದರದರ ಎಳೆದುಕೊಂಡು ಬಂದಳು.

"ಇವನ್ನೂ ಒಂದೀಟು ಅಳದು ನೋಡವಾ ವಿನುತಾ. ಇವನೂ ಹೇಳಿದ ಮಾತು ಕೇಳಂಗಿಲ್ಲ."

"ಮಾತು ಕೇಳದಿದ್ದರ ಗಾಳಿ ನಿಲ್ಲಂಗಿಲ್ಲ ಕಾಕು. ಹಂಗಿದ್ದರ ನಮ್ಮೂರಾಗ ಗಾಳೀನ ಇರತಿರಲಿಲ್ಲ."

"ನಿಮ್ಮನ್ಯಾಗ ಮಾತ್ರ ನಿಲ್ಲತದ ನೋಡ! ಅಳಿಯೋರೂ ನೀವ, ಅಳಿಸಿಕೊಳ್ಳೋರೂ ನೀವ. ದಿನಾ ಮುಂಜಾನೆ ನಿಮ್ಮವ್ವ ನನ್ನ ಕಣ್ಣೆದುರಿಗೆ ತಾವರಿ ಬರೀತಾಳ. ನಾ ಬಾಗಿಲಾ ತೆಗಿಯೂದ ಬಿಟ್ಟೇನಿ."

ಸಂಬಂಧಿಕರನ್ನು ನಾವೇ ಅಳೆಯುವಂತಿಲ್ಲ; ಮೇದಿನಿಯನ್ನು ಅಳೆದವರು ಈರಣ್ಣ. ಹಾಗೆಂದು ಹೇಳಿದೆ. ಆದರೆ ಅಂದು ಮೇದಿನಿಯ ಪಾದದ ಬಳಿ ಕುಳಿತು ಹಗ್ಗದ ತುದಿ ಹಿಡಿದವಳು ನಾನು ಎಂಬುದನ್ನು ಹೇಳಲಿಲ್ಲ. ಮನೆಯವರು ಹತ್ತು ಮೊಳ ದೂರ ನಿಲ್ಲಬೇಕೆಂಬ ನಿಯಮ ಆಗಲೂ ಇತ್ತು. ಅಂದು ಅವಳು ಹೆದರಿದ್ದಳು, ನನ್ನ ಸೆರಗು ಬಿಡಲಿಲ್ಲ, ನಾನು ಬಿಡಿಸಿಕೊಳ್ಳಲಿಲ್ಲ.

ಆ ನಾಲ್ಕನೆಯ ವರ್ಷದ ಕೊನೆಗೆ ಊರಿನ ಸಭೆ ಡಾಕ್ಟರಿಗೆ ಕಾಗದ ಬರೆಯಿತು: ಸಂಖ್ಯೆ ವರ್ಷ ವರ್ಷ ಹೆಚ್ಚುತ್ತಿರುವುದಕ್ಕೆ ಕಾರಣ ತಿಳಿಸಬೇಕು. ಡಾಕ್ಟರು ಪುಸ್ತಕಗಳನ್ನೆಲ್ಲ ನನ್ನ ಮುಂದಿಟ್ಟು, "ಏನರೆ ತಪ್ಪಿದ್ದರ ನಾವ ಮೊದಲ ಹುಡುಕೋಣ್ರಿ ವಿನುತಾ" ಎಂದರು. ಹೆಚ್ಚಳಕ್ಕೆ ಬಹಳ ಕಾರಣಗಳು ಪುಸ್ತಕದಲ್ಲೇ ಇದ್ದವು. ಮೊದಲ ವರ್ಷ ನಾವು ಹೋದದ್ದು ಎರಡು ಬೀದಿಗೆ, ನಾಲ್ಕನೆಯ ವರ್ಷ ಹದಿನಾಲ್ಕಕ್ಕೆ. ಮೊದಲ ವರ್ಷ ಮೇದಿನಿಯೊಬ್ಬಳನ್ನು ಬಿಟ್ಟರೆ ಹೆಣ್ಣುಮಕ್ಕಳನ್ನು ಯಾರೂ ಕರೆತಂದಿರಲಿಲ್ಲ. ಆದರೆ ಇನ್ನೊಂದು ಸಂಗತಿಯೂ ಇತ್ತು. ನಲವತ್ತು ಮಕ್ಕಳನ್ನು ಬೇರೆ ಬೇರೆ ದಿನ ಈರಣ್ಣನೂ ನಾನೂ ಅಳೆದಿದ್ದೆವು. ಅವರಲ್ಲಿ ಮೂವತ್ತೆಂಟು ಮಕ್ಕಳಿಗೆ ನನ್ನ ಅಳತೆ ಅವರ ಅಳತೆಗಿಂತ ಹೆಚ್ಚು, ಹೆಚ್ಚುಕಡಿಮೆ ಅರ್ಧ ಮೊಳ. ಒಂದು ಸಲವೂ ಕಡಿಮೆ ಇರಲಿಲ್ಲ. ಅಂದರೆ ನಾನು ಚೀಟಿಗೆ ಅರ್ಹರೆಂದು ಬರೆದವರಲ್ಲಿ, ಮೂರರಿಂದ ಮೂರೂವರೆಯ ಒಳಗಿದ್ದ ಐವತ್ತೆರಡು ಮಕ್ಕಳು ನಿಜವಾಗಿ ಮೂರನ್ನು ಮುಟ್ಟಿರಲಿಲ್ಲ.

ಕೋಲು ಬದಲಿಸಿದೆ. ಹಗ್ಗವನ್ನು ನೆನೆಸಿ ಒಣಗಿಸಿ ಮತ್ತೆ ಅಳೆದೆ. ಗಿರಗಿಟ್ಲೆಯ ಸೂಜಿಗೆ ಎಣ್ಣೆ ಬಿಟ್ಟೆ. ಅಂತರ ಕದಲಲಿಲ್ಲ. ಈರಣ್ಣ ನಕ್ಕರು. "ಬಾಯಾರ, ನಿಮ್ಮ ಕೈಯಾಗಂದ್ರ ಗಿರಗಿಟ್ಲೀನೂ ಹೆದರಿ ಸುಮ್ಮನಾಗತದ. ಸಾಲ್ಯಾಗ ಮಾಸ್ತರಾಗಬೇಕಿತ್ತು ನೀವು."

ದೋಷ ಉಪಕರಣದಲ್ಲಿಲ್ಲದಿದ್ದರೆ ಉಪಕರಣ ಹಿಡಿದ ಕೈಯಲ್ಲಿರಬೇಕು. ನಾನು ಹಗ್ಗವನ್ನು ಸಡಿಲ ಬಿಡುತ್ತಿದ್ದೇನೆ ಎಂದು ತೀರ್ಮಾನಿಸಿದೆ. ಆಗ ಮೇದಿನಿಯ ಹಗ್ಗ ನೆನಪಾಯಿತು. ಮೂರೂಕಾಲಿನಲ್ಲಿ ಅರ್ಧ ಕಳೆದರೆ ಎರಡೂಮುಕ್ಕಾಲು. ಆ ವ್ಯವಕಲನ ಮಾಡಿ ಮುಗಿಸಿದಾಗ ನನಗೆ ಸಂತೋಷವಾಯಿತು. ಇದನ್ನು ಇಲ್ಲಿ ಬರೆಯದಿದ್ದರೆ ಉಳಿದ ಅಂಕಿಗಳನ್ನು ನಂಬಿರೆಂದು ಕೇಳುವ ಹಕ್ಕು ನನಗೆ ಇರುವುದಿಲ್ಲ.

ಚೀಟಿಯನ್ನು ಮೂರು ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕು. ಮೇದಿನಿಯ ಸರದಿ ಆ ತಿಂಗಳೇ ಇತ್ತು. ಇಪ್ಪತ್ತಮೂರು ದಿನದ ನಂತರ ಅವಳ ದೊಡ್ಡ ಪರೀಕ್ಷೆ. ಚೀಟಿಯಿದ್ದರೆ ಬೇರೆ ಕೋಣೆ, ಒಂದು ಮೇಜು, ಮುಚ್ಚಿದ ಕಿಟಕಿ. ಇಲ್ಲದಿದ್ದರೆ ದೊಡ್ಡ ಸಭಾಂಗಣ. ಹಿಂದೆ ಒಂದು ಸಲ ತಪ್ಪಿ ಅವಳನ್ನು ಸಭಾಂಗಣದಲ್ಲಿ ಕೂರಿಸಿದ್ದರು. ಅರವತ್ತು ಲೇಖನಿಗಳ ಸದ್ದಿಗೆ ಅವಳು ಮೇಜಿನ ಕೆಳಗೆ ಸೇರಿ, ಪ್ರಶ್ನೆಪತ್ರಿಕೆಯನ್ನು ಪೂರ್ತಿ ಬಲ್ಲವಳು ಖಾಲಿ ಹಾಳೆ ಕೊಟ್ಟು ಬಂದಿದ್ದಳು. ಇವೆಲ್ಲ ನನಗೆ ಗೊತ್ತಿತ್ತು.

ಆ ಬೆಳಿಗ್ಗೆ ಈರಣ್ಣ ಕೋಲು ಹಿಡಿದು ಬಂದರು. ಮೇದಿನಿ ಚಾಪೆಯ ಮೇಲೆ ಕುಳಿತಳು. ಅವ್ವ ಕರೆದಳು, "ವಿನೂ, ಬಾ, ಹಗ್ಗ ಹಿಡಿ."

"ನಿಯಮ ಇಲ್ಲವ್ವ. ಮನಿಯವರು ಹತ್ತು ಮೊಳ ದೂರ ಇರಬೇಕು."

"ಹ್ವಾದ ಸಲ ಹಿಡದಿದ್ದೆಲ್ಲಾ?"

"ಹ್ವಾದ ಸಲ ತಪ್ಪು ಮಾಡಿದ್ದೆ."

ಅವ್ವ ನನ್ನನ್ನು ಒಂದು ಕ್ಷಣ ನೋಡಿದಳು. "ನಾ ಹಿಡೀತೇನಿ ತಾರಪಾ" ಎಂದು ಚಂದ್ರವ್ವಕಾಕು ಕರೆಯದೆಯೇ ಬಂದು ಹಗ್ಗದ ತುದಿ ಹಿಡಿದು ಕುಳಿತಳು. ನಾನು ಬೀದಿ ದಾಟಿ, ಬೇವಿನ ಮರದ ಕೆಳಗೆ ನಿಂತೆ. ಹೆಜ್ಜೆ ಎಣಿಸಿಯೇ ನಿಂತೆ: ಹದಿನಾರು ಮೊಳ. ಅಂದು ನಿಯಮ ಮುರಿದದ್ದು ಪ್ರೀತಿಯಿಂದ. ಇಂದು ಪಾಲಿಸಿದ್ದು ಅಸೂಯೆಯಿಂದ.

ಪಡುವಣದಿಂದ ಎರಡೂಮುಕ್ಕಾಲು. ಮೂಡಣದಿಂದ ಎರಡೂಮುಕ್ಕಾಲು. ನಾಲ್ಕೂ ಕಡೆ ಮುಗಿದಾಗ ಈರಣ್ಣ ಹಣೆ ಒರೆಸಿಕೊಂಡರು. ಚಂದ್ರವ್ವಕಾಕು ಹಗ್ಗವನ್ನು ಜಗ್ಗಿ ಜಗ್ಗಿ ನೋಡಿದಳು. ಬೇಡಿಕೊಂಡಿದ್ದು ಕೈಗೆ ಬಂದರೂ ಅವಳ ಮುಖ ಅರಳಲಿಲ್ಲ. "ಇನ್ನೊಮ್ಮೆ ಅಳಿಯೋ ಈರಣ್ಣ, ಪಾಪ, ಪರೀಕ್ಷಾ ಐತಿ ಹುಡುಗೀದು" ಎಂದಳು.

"ಅಳದರೂ ಅಷ್ಟ ಬರತದ" ಎಂದಳು ಮೇದಿನಿ. ಅವಳು ಅಳುತ್ತಿರಲಿಲ್ಲ. ಲೆಕ್ಕದ ಉತ್ತರ ಹೇಳುವ ಧ್ವನಿ. "ಅಕ್ಕ ಇಲ್ಲಿಲ್ಲಲ್ಲ, ಅದಕ್ಕ. ಅಕ್ಕ ಬಾಜೂಕ ಕೂತರ ಮೂರೂಕಾಲು ಆಗತದ."

"ಅಂದ್ರ?" ಎಂದರು ಈರಣ್ಣ.

"ಅಕ್ಕಗೂ ಗಾಳಿ ತಾಕಂಗಿಲ್ಲ. ಬರಿಯಾಕ ಕೂತಾಗ, ಅಳಿಯೂ ಮುಂದ, ಯಾರ ಜೋಡಿನೂ ಮಾತಾಡದ ಇದ್ದಾಗ. ಯಾರರೆ ಬಂದರ ಮತ್ತ ತಾಕತದ. ಸಂಜಿಗೆ ನನ್ನ ಬಾಜೂಕ ಕೂತು ಆಕಿ ಪುಸ್ತಕ ತಿದ್ದುವಾಗ ರಂಗೋಲಿ ಮೂಲಿತನಕ ನಿಲ್ಲತದ. ಇಬ್ಬರದೂ ಕೂಡತಾವ." ಆಮೇಲೆ ಬೇವಿನ ಮರದತ್ತ ತಿರುಗಿ ಕೂಗಿದಳು, "ಅಕ್ಕಾ, ನಿನಗ ಗೊತ್ತಿಲ್ಲಂತ ನನಗ ಗೊತ್ತಿರಲಿಲ್ಲ!"

ಈರಣ್ಣ ಕೋಲನ್ನು ನನ್ನತ್ತ ತಿರುಗಿಸಿದರು. ಬೀದಿ ದಾಟಿ ಒಂದೊಂದೇ ಹೆಜ್ಜೆ ಬಂದರು. ನಾನು ಅಭ್ಯಾಸಬಲದಿಂದ ಗಿರಗಿಟ್ಲೆಯ ಸುತ್ತುಗಳನ್ನು ಎಣಿಸುತ್ತಿದ್ದೆ. ಬೇರೆಯವರು ಅಲ್ಲಿರುವುದೇ ಮರೆತುಹೋಗಿತ್ತು. ಅದು ನಿಂತಿತು. "ಬಾಯಾರ, ಅಲ್ಲಾಡಬ್ಯಾಡ್ರಿ" ಎಂದರು ಅವರು, ಮಕ್ಕಳಿಗೆ ಹೇಳುವ ಧ್ವನಿಯಲ್ಲಿ. ನಾಲ್ಕು ದಿಕ್ಕು ಅಳೆದರು. ಎರಡೂವರೆ ಮೊಳ. ನನ್ನ ಅಳತೆಗಳಲ್ಲಿದ್ದ ಅರ್ಧ ಮೊಳ ಎಲ್ಲಿಂದ ಬಂದಿತ್ತೆಂಬುದು ಒಂದೇ ಕ್ಷಣದಲ್ಲಿ ತಿಳಿಯಿತು. ಕೋಲು ಹಿಡಿದ ಚಾಚುಗೈ ಸೇರಿ ಗಿರಗಿಟ್ಲೆ ನನ್ನಿಂದ ಮೂರು ಮೊಳ ಮುಂದೆ ಇರುತ್ತದೆ. ಮಗುವಿನ ಅಂಚಿಗೂ ನನ್ನ ಅಂಚಿಗೂ ನಡುವೆ ಒಂದು ಮೊಳ ಉಳಿದಾಗಲೇ ಆ ಸಂದಿಯಲ್ಲಿ ಗಾಳಿ ನುಗ್ಗಲಾರದೆ, ಗಿರಗಿಟ್ಲೆ ಅರ್ಧ ಮೊಳ ಮೊದಲೇ ನಿಲ್ಲುತ್ತಿತ್ತು.

ಅವ್ವ ಅಡಿಗೆಮನೆಗೆ ಹೋಗಿಬಿಟ್ಟಿದ್ದಳು. ನಾನೂ ಹೋದೆ.

"ಗುಡ್ಡಕ್ಕ ಯಾಕ ಕರಕೊಂಡು ಹೋಗತಿದ್ದಿ?" ಎಂದೆ.

ಅವಳು ಒಲೆಯ ಮುಂದೆ ಕುಳಿತಿದ್ದಳು, ಒಲೆ ಹೊತ್ತಿಸಿರಲಿಲ್ಲ. "ಗಾಳಿ ಹಿಡಸಾಕ" ಎಂದಳು. "ನಿನ್ನ ತೊಟ್ಟಲದ ಮುಂದ ದೀಪ ಅಲ್ಲಾಡತಿರಲಿಲ್ಲ. ಹೆಣ್ಣುಹುಡುಗಿ, ಗಾಳಿ ತಾಕದಿದ್ದರ ಯಾರ ಮನಿಗೂ ಹೊಂದಂಗಿಲ್ಲ ಅಂದ್ಲು ನಿಮ್ಮಜ್ಜಿ. ಎಲ್ಲಾರೂ ಹಂಗ ಮಾಡತಿದ್ದರು ಆವಾಗ. ಎರಡು ವರ್ಷ ನಿನ್ನ ಗಾಳಿಗೆ ನಿಲ್ಲಿಸಿದೆ. ಒಂದಿನ ನಿನ್ನ ಕೂದಲಾ ಹಾರತು. ನಾ ಓಣಿಗೆಲ್ಲಾ ಪೇಢೆ ಹಂಚಿದೆ."

"ಮೇದಿನಿಗ್ಯಾಕ ಮಾಡಲಿಲ್ಲ?"

"ಆ ಮ್ಯಾಲೆ ನೀ ಮಂದಿ ನಗೂದು ನೋಡಿ ನಗಾಕತ್ತಿದಿ" ಎಂದಳು. "ನನಗ ಕಾಣತಿತ್ತು. ಮತ್ತೊಂದು ಕೂಸಿಗೆ ಹಂಗ ಮಾಡಾಕ ಮನಸು ಬರಲಿಲ್ಲವಾ."

ನನ್ನದೆಂದು ಇಟ್ಟುಕೊಂಡಿದ್ದ ಒಂದೇ ಗುಡ್ಡ ಅದು. ಅಂದರೆ ಮೇದಿನಿಯ ಪಾಲಿನದನ್ನೂ ನಾನೇ ಹತ್ತಿದ್ದೆ. ಅವ್ವನ ಮೇಲೆ ಬರಬೇಕಾದ ಸಿಟ್ಟು ಆಗಲೂ ತಂಗಿಯ ಮೇಲೆಯೇ ಬಂತು; ಅವಳನ್ನು ಉಳಿಸಿದ್ದು ನಾನು, ಉಳಿದದ್ದು ಅವಳು. ಹೊರಗೆ ಬಂದಾಗ ಅವಳು ಚಾಪೆಯ ಅಂಚಿನ ದಾರಗಳನ್ನು ಒಂದೊಂದಾಗಿ ನೇರ ಮಾಡುತ್ತಿದ್ದಳು, ಮನಸ್ಸು ಕೆಟ್ಟಾಗ ಮಾಡುವಂತೆ. ನಾನೂ ಹಾಗೆಯೇ ಮಾಡುತ್ತೇನೆ, ಕೇಂದ್ರದ ಹಗ್ಗದ ತುದಿಯಲ್ಲಿ, ಯಾರೂ ನೋಡದಾಗ.

ಆ ಮಧ್ಯಾಹ್ನ ವರದಿ ಬರೆದು ಡಾಕ್ಟರಿಗೆ ಕೊಟ್ಟೆ. ಅದರಲ್ಲಿ ಐವತ್ತೆರಡು ಮಕ್ಕಳ ಹೆಸರಿತ್ತು, ನನ್ನ ಅಳತೆಯಿತ್ತು, ಮೇದಿನಿಯದೂ ಇತ್ತು. ಅವರು ಎರಡು ಸಲ ಓದಿದರು.

"ನಿಯಮದ ಪ್ರಕಾರ ಇವರೆಲ್ಲಾರ ಚೀಟಿ ವಾಪಸ್ ತಗೋಬೇಕು, ಮೇಡಂ" ಎಂದೆ. "ಆದರ ಒಂದು ಕೇಳಬೇಕಾಗಿತ್ತು. ಮೂರು ಮೊಳ ಅಂತ ಹ್ಯಾಂಗ ಬಂತು?"

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಶುರುವಾತಿಗೆ ಹಗ್ಗ ಇರಲಿಲ್ಲರಿ. ಕೂಸಿನ ಪಾದದಿಂದ ನೆಲದ ಮ್ಯಾಲೆ ಕೋಲು ಇಡತಿದ್ದೆವು. ಆಚೆ ತುದ್ಯಾಗ ಗಿರಗಿಟ್ಲಿ ನಿಂತರ ಹೌದು, ತಿರಗಿದರ ಅಲ್ಲ."

"ಆವಾಗಿನ ಕೋಲು ಎಷ್ಟುದ್ದ ಇತ್ತು?"

"ಮೂರು ಮೊಳ. ಅಂಗಡ್ಯಾಗ ಅಷ್ಟ ಉದ್ದಂದು ಇತ್ತು."

ಈರಣ್ಣ ಬಾಗಿಲಲ್ಲಿ ಕೆಮ್ಮಿದರು. ಡಾಕ್ಟರು ಕನ್ನಡಕ ಹಾಕಿಕೊಂಡು ಮೇದಿನಿಯ ಚೀಟಿಗೆ ಸಹಿ ಮಾಡಿದರು, ಆಮೇಲೆ ಉಳಿದ ಐವತ್ತೆರಡು ತರಿಸಿದರು. ಎರಡು ತಾಸು ಎದುರಿಗೆ ಕುಳಿತು ಕಂಡದ್ದನ್ನು ಬಿದಿರಿಗೆ ಕೇಳುವ ಅಗತ್ಯವಿಲ್ಲವೆಂದೂ, ಇನ್ನು ಅಳತೆಯನ್ನು ಬರೆದಿಡಲಾಗುವುದೇ ಹೊರತು ಅದರಿಂದ ಯಾರನ್ನೂ ತಳ್ಳಿಹಾಕುವುದಿಲ್ಲವೆಂದೂ ಸಭೆಗೆ ಉತ್ತರ ಹೋಯಿತು. ಹದಿನೆಂಟು ದಾಟಿದವರೂ ಬರಬಹುದು ಎಂಬ ಸಾಲನ್ನು ಕೊನೆಗೆ ಸೇರಿಸಿದವಳು ನಾನು.

ಮರುವರ್ಷ ಪುಸ್ತಕದಲ್ಲಿ ಆರುನೂರ ಹನ್ನೊಂದು ಹೆಸರುಗಳಿದ್ದವು. ಊರು ಮತ್ತೆ ಕೂಗಿತು: ನೀರು, ಎಣ್ಣೆ, ತಾಯಂದಿರು. ಗಾಳಿ ಮೊದಲಿನ ವೇಗದಲ್ಲೇ ಬೀಸುತ್ತಿತ್ತು; ನಾನು ದಿನವೂ ಅಳೆದಿದ್ದೇನೆ. ಶಿವಪುತ್ರಪ್ಪನವರನ್ನು ಅವರ ಮೊಮ್ಮಗಳು ಕರೆತಂದಳು. ಆರು ಮೊಳ. ಅವರು ಚೀಟಿಯನ್ನು ಮಡಿಸಿ, ಮತ್ತೆ ಮಡಿಸಿ, "ನಮ್ಮ ಕಾಲದಾಗ ಇದ್ದೆ ಹಂಗಾರ, ನಾ ಒಬ್ಬನರೆ" ಎಂದರು. ಮುನ್ನೂರ ತೊಂಬತ್ತೆರಡನೆಯ ಹೆಸರು ನನ್ನದು.

ಮೇದಿನಿ ಬೇರೆ ಕೋಣೆಯಲ್ಲಿ ಪರೀಕ್ಷೆ ಬರೆದಿದ್ದಳು. ಒಂದು ಹಾಳೆಯನ್ನೂ ಖಾಲಿ ಬಿಟ್ಟಿರಲಿಲ್ಲ.

ನನಗೆ ಚೀಟಿಯಾದ ಮರುದಿನ ಬೆಳಿಗ್ಗೆ ಅವ್ವ ರಂಗೋಲಿ ಬಟ್ಟಲು ಹಿಡಿದು ಬಂದು, ಮೇದಿನಿಯ ಕಾಲ ಬುಡದಲ್ಲಿ ತಾವರೆ ಮುಗಿಸಿದ ಮೇಲೆ ಒಳಗೆ ಹೋಗಲಿಲ್ಲ. ಜಗಲಿಯ ಆಚೆ ಕೊನೆಯಲ್ಲಿ ಕುಳಿತು ದಾಖಲೆ ತಿದ್ದುತ್ತಿದ್ದ ನನ್ನ ಮುಂದೆ ಬಂದು ಕುಕ್ಕರಗಾಲಿನಲ್ಲಿ ಕುಳಿತಳು. "ಅಲ್ಲಾಡಬ್ಯಾಡ" ಎಂದಳು. ಒಂದೊಂದೇ ಚುಕ್ಕಿ ಇಟ್ಟಳು, ಪುಡಿ ಇಟ್ಟಲ್ಲೇ ನಿಂತಿತು. ಎದುರುಮನೆಯ ಬಾಗಿಲು ತೆರೆಯಿತು, ಚಂದ್ರವ್ವಕಾಕು "ಇನ್ನೊಂದಾ!" ಎಂದಳು, ಬಾಗಿಲು ಮುಚ್ಚಿತು.

ಅವ್ವ ಒಳಗೆ ಹೋದ ಮೇಲೆ ನಾನು ಚೀಲದಿಂದ ಹಗ್ಗ ತೆಗೆದು ಎರಡನ್ನೂ ಅಳೆದೆ.

"ನಿಂದು ಆರು ಬೆರಳು ದೊಡ್ಡದೈತಿ" ಎಂದೆ.

"ಹಂಗಾರ ಈ ಕಡೆ ಸರದು ಕೂಡ. ಕೂಡತಾವಲ್ಲ" ಎಂದಳು ಮೇದಿನಿ, ಪುಸ್ತಕದಿಂದ ತಲೆ ಎತ್ತದೆ.

ನಾನು ಸರಿಯಲಿಲ್ಲ. ನನ್ನದು ಮಧ್ಯಾಹ್ನದವರೆಗೆ ನನ್ನ ಅಳತೆಯಲ್ಲೇ ನಿಲ್ಲುತ್ತದೆಯೋ ಎಂಬುದನ್ನು ನೋಡಬೇಕಿತ್ತು.